ಕಣದಲ್ಲಿ ಕಾಫಿ ತೂಗಿದ್ದನ್ನೂ ಇಂಟರ್‌ವ್ಯೂನಲ್ಲಿ ಹೇಳಿ: ಕೆಲಸದ ಸಂದರ್ಶನ ಒಳಗಿಂದ ಹೇಗೆ ನಡೆಯುತ್ತೆ ಅಂತ ಕೊಡಗಿನ ಮಕ್ಕಳಿಗೆ ಒಂದು ವಿವರ

ಹೋದ ಮಾರ್ಚಲ್ಲಿ, ಹೂ ಮಳೆ ಬಿದ್ದು ಕಾಫಿ ಅರಳಿ ತೋಟ ಎಲ್ಲ ಬೆಳ್ಳಗಾಗಿದ್ದ ವಾರ, ನಾಪೋಕ್ಲು ಕಡೆಯ ಒಂದು ಹುಡುಗಿ ಫೈಲ್ ಹಿಡ್ಕೊಂಡು ಮಡಿಕೇರಿಲಿರೋ ನಮ್ಮನೆಗೆ ಬಂದಿದ್ಲು. ಬಿ.ಕಾಂ ಮುಗಿದು ಏಳೆಂಟು ತಿಂಗಳಾಗಿತ್ತು, ಮೈಸೂರಿನ ಒಂದು ಕಂಪನಿಯಿಂದ ಅಕೌಂಟ್ಸ್ ಅಸಿಸ್ಟೆಂಟ್ ಕೆಲ್ಸಕ್ಕೆ ಇಂಟರ್‌ವ್ಯೂಗೆ ಕರೆದಿದ್ರು, ಅದಕ್ಕೂ ಮುಂಚೆ ಎರಡು ಕಡೆ ಹೋಗಿ ಆಗಿರ್ಲಿಲ್ಲ, ಒಂದ್ಸಲ ಪ್ರಾಕ್ಟೀಸ್ ಮಾಡಿಸಿ ಅಕ್ಕ ಅಂತ ಅವಳ ಅಮ್ಮನ ಕೈಲಿ ಫೋನ್ ಮಾಡಿಸಿದ್ಲು. ನಾನು ಒಂಬತ್ತು ವರ್ಷ ಹೋಟೆಲ್ ಕಂಪನಿಯಲ್ಲಿ ಜನ ತಗೊಳೋ ಕೆಲಸ ಮಾಡಿ ಊರಿಗೆ ವಾಪಸ್ ಬಂದವಳು, ಹಾಗಾಗಿ ಅಕ್ಕಪಕ್ಕದ ಮಕ್ಕಳು ಬರ್ತಾರೆ, ಕೂರಿಸ್ಕೊಂಡು ನನಗೆ ಗೊತ್ತಿರೋದು ಹೇಳ್ತೀನಿ.

ಮೊದಲ ಪ್ರಶ್ನೆ ಎಲ್ರೂ ಕೇಳೋದೇ, ನಿಮ್ಮ ಬಗ್ಗೆ ಹೇಳಿ. ಅವಳು ಕಣ್ಣು ಗೋಡೆ ಮೇಲಿಟ್ಟು ಒಂದೇ ಉಸಿರಲ್ಲಿ ಹೇಳಿದ್ಲು, ಐ ಆಮ್ ಹಾರ್ಡ್ ವರ್ಕಿಂಗ್, ಸಿನ್ಸಿಯರ್, ಟೀಮ್ ಪ್ಲೇಯರ್, ಕ್ವಿಕ್ ಲರ್ನರ್. ಸರಿ, ಹಾರ್ಡ್ ವರ್ಕಿಂಗ್ ಅಂದ್ಯಲ್ಲ, ಯಾವಾಗ ಹಾಗೆ ಕೆಲಸ ಮಾಡ್ದೆ, ಒಂದು ಹೇಳು ಅಂದೆ. ಸುಮ್ಮನಾದ್ಲು. ಕಾಫಿ ಮಾಡಿಕೊಟ್ಟು ಬೇರೆ ಮಾತು ತೆಗೆದೆ, ಮನೇಲಿ ಅಪ್ಪ ಹೇಗಿದ್ದಾರೆ ಅಂತ. ಆಗ ಬಂತು ವಿಷಯ. ಡಿಸೆಂಬರಲ್ಲಿ ಅಪ್ಪ ಏಣಿಯಿಂದ ಬಿದ್ದು ಕಾಲು ಮುರಿದಿದ್ರಂತೆ, ರೊಬಸ್ಟಾ ಕೊಯ್ಲು ಪೂರ್ತಿ ಇವಳ ಮೇಲೆ ಬಿತ್ತಂತೆ. ಹದಿನಾಲ್ಕು ಜನ ಕೆಜಿ ಲೆಕ್ಕದಲ್ಲಿ ಹಣ್ಣು ಕುಯ್ಯೋರು, ದಿನಾ ಸಂಜೆ ಕಣದಲ್ಲಿ ತೂಕ ಹಾಕಿ ಬುಕ್ಕಲ್ಲಿ ಬರ್ಕೊಂಡು ಶನಿವಾರ ಬಟವಾಡೆ ಮಾಡೋದು. ಎರಡನೇ ವಾರ ಕೆಲಸದೋರು ತೂಕ ಕಮ್ಮಿ ಬರ್ತಿದೆ ಅಂತ ಗಲಾಟೆ ತೆಗೆದ್ರಂತೆ. ಇವಳು ಅಂಗಡಿಯಿಂದ ತಂದಿದ್ದ ಬಾಯಿ ಬಿಚ್ಚದ 25 ಕೆಜಿ ಅಕ್ಕಿ ಚೀಲ ಎತ್ತಿ ಮಷಿನ್ ಮೇಲಿಟ್ಲು, 24 ತೋರಿಸ್ತು. ಅವತ್ತೇ ಪಕ್ಕದ ತೋಟದಿಂದ ಬೇರೆ ಮಷಿನ್ ತರಿಸಿ, ಹಿಂದಿನ ಮೂರು ದಿನದ ಲೆಕ್ಕ ಬುಕ್ ನೋಡಿ ಮತ್ತೆ ಹಾಕಿ, ಪ್ರತಿಯೊಬ್ಬರಿಗೂ ವ್ಯತ್ಯಾಸದ ದುಡ್ಡು ಕೊಟ್ಟಿದ್ಲು. ಕೊಯ್ಲು ಮುಗಿಯೋವರೆಗೆ ಒಬ್ರೂ ಕೆಲಸ ಬಿಟ್ಟು ಹೋಗ್ಲಿಲ್ಲ.

ಇದನ್ನ ಯಾಕೆ ಹೇಳ್ಲಿಲ್ಲ ಅಂದೆ. ಅದು ಮನೆ ಕೆಲಸ ಅಲ್ವಾ ಅಕ್ಕ, ಇಂಟರ್‌ವ್ಯೂನಲ್ಲಿ ಅದನ್ನೆಲ್ಲ ಹೇಳ್ತಾರಾ ಅಂದ್ಲು.

ಈ ಲೇಖನ ಬರೀತಿರೋದೇ ಆ ಪ್ರಶ್ನೆಯಿಂದ. ನಮ್ಮ ಜಿಲ್ಲೆಯ ಮಕ್ಕಳ ಹತ್ರ ಹೇಳೋಕೆ ಬೇಕಾದಷ್ಟಿದೆ, ಆದ್ರೆ ಇಂಟರ್‌ವ್ಯೂ ಅಂದ ತಕ್ಷಣ ಅದನ್ನೆಲ್ಲ ಮನೇಲೇ ಬಿಟ್ಟು ಯಾರೋ ಕಲಿಸಿದ ನಾಲ್ಕು ಪದ ಹಿಡ್ಕೊಂಡು ಹೋಗ್ತಾರೆ. ಎದುರಿಗೆ ಕೂತವರಿಗೆ ಏನು ಬೇಕು ಅನ್ನೋದು ಗೊತ್ತಿಲ್ಲದೇ ಇರೋದೇ ಇದಕ್ಕೆ ಕಾರಣ, ಅದಕ್ಕೆ ಮೊದಲು ಆ ಕಡೆಯಿಂದ ನೋಡೋಣ.

ಇಂಟರ್‌ವ್ಯೂ ಮಾಡೋರ ಮುಂದೆ ಒಂದೇ ದಿನ ಎಂಟ್ಹತ್ತು ಜನ ಬಂದು ಕೂರ್ತಾರೆ, ಒಬ್ಬೊಬ್ಬರಿಗೆ ಅರ್ಧ ಗಂಟೆ. ಎಲ್ಲರ ರೆಸ್ಯೂಮೂ ಒಂದೇ ಥರ, ಮಾರ್ಕ್ಸೂ ಹೆಚ್ಚುಕಮ್ಮಿ ಒಂದೇ. ಆ ಅರ್ಧ ಗಂಟೆಯಲ್ಲಿ ಅವರು ಒಂದು ಊಹೆ ಮಾಡ್ಬೇಕು, ಈ ಮನುಷ್ಯ ಆರು ತಿಂಗಳಾದ ಮೇಲೆ ನಮ್ಮಲ್ಲಿ ಹೇಗೆ ಕೆಲಸ ಮಾಡ್ತಾನೆ ಅಂತ. ಈ ಊಹೆ ಎಷ್ಟರ ಮಟ್ಟಿಗೆ ಸರಿ ಬರುತ್ತೆ ಅಂತ ಮನಶ್ಶಾಸ್ತ್ರದವರು ತುಂಬಾ ವರ್ಷದಿಂದ ಅಳೀತಾ ಬಂದಿದ್ದಾರೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತೆ ಜಾನ್ ಹಂಟರ್ ಅನ್ನೋ ಇಬ್ಬರು ಅಮೆರಿಕದ ಸಂಶೋಧಕರು 85 ವರ್ಷದ ಅಧ್ಯಯನಗಳನ್ನ ಒಟ್ಟಿಗೆ ಹಾಕಿ ಲೆಕ್ಕ ಮಾಡಿದ್ರು. 0 ಅಂದ್ರೆ ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗೆ, 1 ಅಂದ್ರೆ ನೂರಕ್ಕೆ ನೂರು ಸರಿ ಅಂತ ಇಟ್ಕೊಳಿ. ಬಾಯಿಗೆ ಬಂದದ್ದು ಕೇಳ್ತಾ ಹೋಗೋ ಇಂಟರ್‌ವ್ಯೂಗೆ 0.38 ಸಿಕ್ತು, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಉತ್ತರಕ್ಕೆ ಮೊದಲೇ ಗೊತ್ತು ಮಾಡಿದ ಅಳತೆಯಲ್ಲಿ ಮಾರ್ಕ್ಸ್ ಹಾಕೋ ಇಂಟರ್‌ವ್ಯೂಗೆ 0.51. ಆಮೇಲೆ 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತೆ ಜೊತೆಯವರು ಆ ಲೆಕ್ಕವನ್ನ ತಿದ್ದಿದ್ರು, ಅಂಕಿಗಳು ಕೆಳಗಿಳಿದವು, 0.19 ಮತ್ತೆ 0.42, ಆದ್ರೂ ಜನ ಆರಿಸೋ ಎಲ್ಲ ವಿಧಾನಗಳ ಪಟ್ಟಿಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳೋ ಇಂಟರ್‌ವ್ಯೂ ಮೇಲೇ ಬಂತು.

ಅದಕ್ಕೇ ಈಗ ಒಂಚೂರು ದೊಡ್ಡ ಕಂಪನಿಗಳೆಲ್ಲ ಈ ಥರದ ಪ್ರಶ್ನೆಗೆ ಬಂದಿದ್ದಾರೆ. ಅದರಲ್ಲಿ ಎರಡು ಜಾತಿ. ಒಂದು, ಹೀಗಾದ್ರೆ ಏನ್ ಮಾಡ್ತೀರಾ ಅನ್ನೋದು, ಇದರ ಮೇಲೆ 1980ರಲ್ಲಿ ಗ್ಯಾರಿ ಲೇಥಮ್ ಮತ್ತೆ ಜೊತೆಯವರ ಕೆಲಸ ಬಂತು. ಇನ್ನೊಂದು, ಹೀಗೆ ಆದಾಗ ಏನ್ ಮಾಡಿದ್ರಿ ಅನ್ನೋದು, ಇದರ ಮೇಲೆ 1982ರಲ್ಲಿ ಟಾಮ್ ಜ್ಯಾನ್ಜ್ ಅನ್ನೋರದ್ದು. ಎರಡನೇದರ ಹಿಂದಿನ ತರ್ಕ ತುಂಬಾ ಸರಳ, ಹಿಂದೆ ಮಾಡಿದವನು ಮುಂದೂ ಮಾಡ್ತಾನೆ. ನೀವು ತೋಟಕ್ಕೆ ಮೇಸ್ತ್ರಿ ತಗೊಳೋವಾಗ ಪಕ್ಕದ ತೋಟದೋರಿಗೆ ಫೋನ್ ಮಾಡಿ, ಹೋದ ವರ್ಷ ನಿಮ್ಮಲ್ಲಿ ಹೇಗೆ ಮಾಡ್ದ ಅಂತ ಕೇಳಲ್ವಾ, ಅದೇ ಇದು. ಹಾರ್ಡ್ ವರ್ಕಿಂಗ್ ಅನ್ನೋ ಪದಕ್ಕೆ ಅವರ ಶೀಟಲ್ಲಿ ಮಾರ್ಕ್ಸ್ ಹಾಕೋ ಜಾಗವೇ ಇರಲ್ಲ, ಅಕ್ಕಿ ಚೀಲ ಎತ್ತಿ ಮಷಿನ್ ಮೇಲಿಟ್ಟಿದ್ದಕ್ಕೆ ಇರುತ್ತೆ.

ಕೊಡಗಲ್ಲಿ ಇದು ಹೊಸ ವಿಷಯ ಏನಲ್ಲ, ಮಿಲಿಟರಿಗೆ ಆಫೀಸರ್ ಆಗೋಕೆ ಎಸ್‌ಎಸ್‌ಬಿ ಅನ್ನೋ ಆಯ್ಕೆ ಮಂಡಳಿಗೆ ಹೋಗಿ ಬಂದವರು ಪ್ರತಿ ಊರಲ್ಲೂ ಒಬ್ರಾದ್ರೂ ಸಿಗ್ತಾರೆ, ಅವರ ಹತ್ರ ಕೂತು ಕೇಳಿ. ಐದು ದಿನದ ಪರೀಕ್ಷೆ ಅದು. ಒಂದು ಪದ ತೋರಿಸಿ 15 ಸೆಕೆಂಡಲ್ಲಿ ವಾಕ್ಯ ಬರೀಬೇಕು, ಹಾಗೆ 60 ಪದ. ಆಮೇಲೆ 60 ಸನ್ನಿವೇಶ ಕೊಟ್ಟು ಅರ್ಧ ಗಂಟೆ, ಪ್ರತಿಯೊಂದಕ್ಕೂ ನೀನಾದ್ರೆ ಏನ್ ಮಾಡ್ತೀಯಾ ಅಂತ. ಮನಶ್ಶಾಸ್ತ್ರಜ್ಞರು ಒಬ್ರು, ಹೊರಗೆ ಗ್ರೌಂಡಲ್ಲಿ ಗುಂಪಿನ ಟಾಸ್ಕ್ ನೋಡೋರು ಒಬ್ರು, ಇಂಟರ್‌ವ್ಯೂ ಮಾಡೋರು ಒಬ್ರು, ಮೂರೂ ಜನ ಬೇರೆ ಬೇರೆಯಾಗಿ ನೋಡಿ ಕೊನೇ ದಿನದ ಕಾನ್ಫರೆನ್ಸಲ್ಲಿ ಸೇರಿ ನಿರ್ಧಾರ ಮಾಡ್ತಾರೆ. ಕಾಗದದ ಮೇಲೆ ಧೈರ್ಯಶಾಲಿ ಅಂತ ಬರೆದವನು ಗ್ರೌಂಡಲ್ಲಿ ಹಿಂದೆ ನಿಂತ್ರೆ ಅಲ್ಲೇ ಗೊತ್ತಾಗಿ ಹೋಗುತ್ತೆ. ಇಂಟರ್‌ವ್ಯೂಗೆ ಮುಂಚೆ ಅವರು ತುಂಬಿಸೋ ಪಿಐಕ್ಯೂ ಅನ್ನೋ ಫಾರ್ಮ್ ಇದೆಯಲ್ಲ, ಊರು, ಮನೆಯವರು, ಮಾರ್ಕ್ಸು, ಆಟ, ಹವ್ಯಾಸ ಎಲ್ಲ ಬರೆಯೋದು, ಆಫೀಸರ್ ಕೇಳೋ ಪ್ರಶ್ನೆ ಹೆಚ್ಚಿನವು ಅದರಿಂದಲೇ ಹುಟ್ಟೋದು. ಹವ್ಯಾಸ ಹಾಕಿ ಆಟ ಅಂತ ಬರೆದ್ರೆ ಹಾಕಿ ಬಗ್ಗೆನೇ ಕೇಳ್ತಾರೆ.

ನಿಮ್ಮ ರೆಸ್ಯೂಮ್ ಕೂಡ ಅದೇ ಥರ, ನೀವು ಬರೆದ ಪ್ರತಿ ಸಾಲೂ ನೀವೇ ಕೊಟ್ಟ ಪ್ರಶ್ನೆ. ಟ್ಯಾಲಿ (ಅಕೌಂಟ್ಸ್ ಸಾಫ್ಟ್‌ವೇರ್) ಗೊತ್ತು ಅಂತ ಬರೆದಿದ್ರೆ ಜಿಎಸ್‌ಟಿ ಎಂಟ್ರಿ ಹೇಗೆ ಹಾಕ್ತೀರಾ ಅಂತ ಬರುತ್ತೆ. ಓದೋ ಹವ್ಯಾಸ ಅಂತ ಬರೆದಿದ್ರೆ ಇತ್ತೀಚೆಗೆ ಏನು ಓದಿದ್ರಿ ಅಂತ ಬರುತ್ತೆ. ಯಾರದ್ದೋ ರೆಸ್ಯೂಮ್ ತಂದು ಹೆಸರು ಬದಲಾಯಿಸೋ ಮಕ್ಕಳನ್ನ ನೋಡಿ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ, ಬೇರೆಯವರ ಪ್ರಶ್ನೆಗೆ ನೀವು ಹೋಗಿ ಉತ್ತರ ಕೊಡೋ ಹಾಗಾಗುತ್ತೆ ಅಷ್ಟೇ. ಪೆನ್ಸಿಲ್ ಹಿಡಿದು ರೆಸ್ಯೂಮಿನ ಒಂದೊಂದು ಸಾಲಿನ ಪಕ್ಕದಲ್ಲೂ ಇದಕ್ಕೆ ಏನ್ ಕೇಳಬಹುದು ಅಂತ ಬರೀರಿ, ಉತ್ತರ ಇಲ್ಲದ ಸಾಲನ್ನ ತೆಗೆದುಹಾಕಿ.

ಈಗ ಕಥೆ ಕಟ್ಟೋದು ಹೇಗೆ ಅಂತ. ಇಂಗ್ಲಿಷಲ್ಲಿ ಇದಕ್ಕೆ ಸ್ಟಾರ್ ಮೆಥಡ್ ಅಂತಾರೆ, ನಾನು ಮಕ್ಕಳಿಗೆ ಹೇಳೋದು ಸಂದರ್ಭ, ಜವಾಬ್ದಾರಿ, ಮಾಡಿದ್ದು, ಆಗಿದ್ದು ಅಂತ. ಸಂದರ್ಭ ಎರಡು ವಾಕ್ಯ ಸಾಕು, ಅಪ್ಪನಿಗೆ ಏಟಾಯ್ತು, ಕೊಯ್ಲು ನಡೀತಿತ್ತು. ಜವಾಬ್ದಾರಿ ಒಂದು ವಾಕ್ಯ, ತೂಕ ಮತ್ತೆ ಬಟವಾಡೆ ನನ್ನದು. ಆಗಿದ್ದು ಒಂದೆರಡು ವಾಕ್ಯ, ಗಲಾಟೆ ನಿಂತ್ತು, ಹದಿನಾಲ್ಕು ಜನರೂ ಉಳಿದ್ರು. ಉಳಿದ ಟೈಮ್ ಪೂರ್ತಿ ಮಾಡಿದ್ದಕ್ಕೆ, ಯಾಕಂದ್ರೆ ಅವರು ಬರ್ಕೊಳೋದು ಅದನ್ನೇ. ನಮ್ಮ ಮಕ್ಕಳು ಇದನ್ನ ಉಲ್ಟಾ ಮಾಡ್ತಾರೆ, ಸಂದರ್ಭ ಹೇಳೋಕೆ ಎರಡು ನಿಮಿಷ, ಮನೆ, ತೋಟ, ದೊಡ್ಡಪ್ಪ, ಆಸ್ಪತ್ರೆ ಎಲ್ಲ ಬಂದು, ಆಮೇಲೆ ಹೇಗೋ ಮ್ಯಾನೇಜ್ ಮಾಡಿದ್ವಿ ಸರ್ ಅಂತ ಮುಗಿಸ್ತಾರೆ.

ಆ ಮಾಡಿದ್ವಿ ಅನ್ನೋ ಪದದ ಬಗ್ಗೆ ಒಂದು ಮಾತು. ನಮ್ಮ ಕಡೆ ಒಬ್ರೇ ಮಾಡಿದ್ರೂ ನಾನು ಮಾಡಿದೆ ಅನ್ನೋದು ಅಹಂಕಾರ ಅನ್ನಿಸುತ್ತೆ, ಮನೇಲಿ ಬೆಳೆಸಿರೋದೇ ಹಾಗೆ, ಕೊಡವ ಕುಟುಂಬದ ಮೂಲ ಮನೆ ಐನ್‌ಮನೆ ಆಗ್ಲಿ, ಒಕ್ಕಲುತನದ ಮನೆ ಆಗ್ಲಿ, ಎಲ್ಲದಕ್ಕೂ ನಾವು. ಅದು ಒಳ್ಳೇ ಗುಣ, ಬಿಡೋದು ಬೇಡ. ಆದ್ರೆ ಇಂಟರ್‌ವ್ಯೂ ಮಾಡೋರಿಗೆ ಆ ನಾವು ಅನ್ನೋದರಲ್ಲಿ ನಿಮ್ಮ ಪಾಲು ಎಷ್ಟು ಅಂತ ಗೊತ್ತಾಗಲ್ಲ, ಗೊತ್ತಾಗದೇ ಇದ್ರೆ ಮಾರ್ಕ್ಸ್ ಹಾಕೋಕೆ ಆಗಲ್ಲ. ಆ ಹುಡುಗಿಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ, ಮೇಸ್ತ್ರಿ ಬೇರೆ ಮಷಿನ್ ತಂದ್ರು, ಅಮ್ಮ ಕೆಲಸದೋರ ಹತ್ರ ಮಾತಾಡಿದ್ರು, ಲೆಕ್ಕ ನಾನು ಹಾಕಿದೆ ಅಂತ ಬಿಡಿಸಿ ಹೇಳು. ಬೇರೆಯವರ ಪಾಲು ಅವರಿಗೆ ಕೊಟ್ಟು ನಿನ್ನ ಪಾಲು ನೀನು ತಗೊಂಡ್ರೆ ಅದರಲ್ಲಿ ಅಹಂಕಾರ ಎಲ್ಲಿ ಬಂತು.

ಇಂಥ ಕಥೆ ಐದಾರು ರೆಡಿ ಇದ್ರೆ ಸಾಕು, ಐವತ್ತು ಪ್ರಶ್ನೆಗೆ ಐವತ್ತು ಉತ್ತರ ಬಾಯಿಪಾಠ ಮಾಡೋದು ಬೇಡ. ಅದೇ ತೂಕದ ಕಥೆ, ಕಷ್ಟದ ಸಂದರ್ಭ ಹೇಳಿ ಅಂದ್ರೂ ಆಗುತ್ತೆ, ಜಗಳ ಹೇಗೆ ಬಗೆಹರಿಸಿದ್ರಿ ಅಂದ್ರೂ ಆಗುತ್ತೆ, ತಪ್ಪು ಕಂಡುಹಿಡಿದದ್ದು ಹೇಳಿ ಅಂದ್ರೂ ಆಗುತ್ತೆ, ಎಲ್ಲಿ ಒತ್ತು ಕೊಡ್ತೀರಾ ಅನ್ನೋದು ಮಾತ್ರ ಬದಲಾಗುತ್ತೆ. ಎಲ್ಲಿಂದ ತೆಗೀಬೇಕು ಕಥೆ ಅಂತೀರಾ? ನಿಮ್ಮ ಮನೆಯ ಹೋಂಸ್ಟೇಲಿ ವೀಕೆಂಡ್ ಹತ್ತು ಜನ ಗೆಸ್ಟ್ ಬಂದಾಗ ಬಿಸಿನೀರು ಬರದೇ ಹೋಗಿ ನೀವು ಏನ್ ಮಾಡಿದ್ರಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಕ್ಯಾಂಪಲ್ಲಿ ಊಟ ಬಡಿಸಿದ್ರಾ, ಸಾಮಾನು ಲೆಕ್ಕ ಇಟ್ಟಿದ್ರಾ. ಬೇಸಿಗೆಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತಲ್ಲ, 1997ರಲ್ಲಿ ಶುರುವಾಗಿದ್ದು, ಅದರಲ್ಲಿ ನಿಮ್ಮ ಕುಟುಂಬದ ಟೀಮ್ ಸೇರಿಸೋಕೆ ಬೆಂಗಳೂರು, ಮೈಸೂರು, ದುಬೈ ಅಂತ ಇರೋ ಅಣ್ಣಂದಿರಿಗೆಲ್ಲ ಫೋನ್ ಮಾಡಿ ಡೇಟ್ ಹೊಂದಿಸಿದ್ದು ಯಾರು. ಇದೆಲ್ಲ ಅನುಭವವೇ, ಸಂಬಳ ಬರ್ಲಿಲ್ಲ ಅಂದ ಮಾತ್ರಕ್ಕೆ ಅನುಭವ ಅಲ್ಲ ಅಂತ ಅಲ್ಲ.

ಕಥೆ ಸುಳ್ಳು ಮಾಡಿ ಕಟ್ಟಬೇಡಿ ಅಂತ ನಾನು ಕೈಮುಗಿದು ಹೇಳ್ತೀನಿ, ನೀತಿಯ ಮಾತು ಪಕ್ಕಕ್ಕಿಡಿ, ಅದು ನಡೆಯೋದೇ ಇಲ್ಲ. ಒಳ್ಳೇ ಇಂಟರ್‌ವ್ಯೂ ಮಾಡೋರು ಮೊದಲ ಉತ್ತರಕ್ಕೆ ನಿಲ್ಲಲ್ಲ, ಅಗೀತಾ ಹೋಗ್ತಾರೆ. ಮೈಸೂರಲ್ಲಿ ಆ ಹುಡುಗಿಗೂ ಹಾಗೇ ಆಯ್ತು, ಬುಕ್ ಯಾವ ಥರ ಇಟ್ಟಿದ್ರಿ ಅಂದ್ರು, ಮೂರೇ ದಿನದ ಲೆಕ್ಕ ಯಾಕೆ, ಅದಕ್ಕೂ ಹಿಂದಿಂದು ಯಾಕಿಲ್ಲ ಅಂದ್ರು, ಅಪ್ಪನಿಗೆ ಹೇಗೆ ಹೇಳಿದ್ರಿ ಅಂದ್ರು. ಮೂರು ದಿನ ಯಾಕೆ ಅಂದ್ರೆ ಅದಕ್ಕೆ ಮೂರು ದಿನ ಹಿಂದೆ ಮಳೆ ಹನಿ ಬಿತ್ತು ಅಂತ ಮಷಿನ್ ಜಾಗ ಬದಲಾಯಿಸಿದ್ರಂತೆ, ಅಲ್ಲಿಂದಲೇ ತಪ್ಪು ಶುರುವಾಗಿದ್ದು ಅಂತ ಅವಳು ಹಳೇ ಎಂಟ್ರಿ ಹೋಲಿಸಿ ನೋಡಿದ್ಲು. ನಡೆದದ್ದಾದ್ರಿಂದ ಥಟ್ ಅಂತ ಹೇಳಿದ್ಲು. ಕಟ್ಟಿದ ಕಥೆಯಾಗಿದ್ರೆ ಎರಡನೇ ಪ್ರಶ್ನೆಗೇ ಬಿದ್ದೋಗ್ತಿತ್ತು.

ಇನ್ನು ಹೋಂವರ್ಕ್. ಕಂಪನಿ ಬಗ್ಗೆ ತಿಳ್ಕೊಳಿ ಅಂತ ಎಲ್ರೂ ಹೇಳ್ತಾರೆ, ವೆಬ್‌ಸೈಟ್ ಓದಿ ಸ್ಥಾಪನೆಯಾದ ವರ್ಷ ಬಾಯಿಪಾಠ ಮಾಡ್ಕೊಂಡು ಹೋಗ್ತಾರೆ ಮಕ್ಕಳು, ಅದನ್ನ ಕೇಳೋರು ಕಮ್ಮಿ. ಅದಕ್ಕಿಂತ ಕೆಲಸದ ಜಾಹೀರಾತನ್ನ ಮೂರು ಸಲ ಓದಿ, ಅದರಲ್ಲಿ ಅವರಿಗೆ ಏನೇನು ಬೇಕು ಅಂತ ಅಡಿಗೆರೆ ಹಾಕಿ, ಒಂದೊಂದಕ್ಕೂ ನಿಮ್ಮ ಒಂದು ಕಥೆ ಜೋಡಿಸಿ. ರೆಸಾರ್ಟಿಗೆ ಫ್ರಂಟ್ ಆಫೀಸ್ ಕೆಲಸ ಅಂದ್ರೆ ಎದುರಿಗೆ ಕೂತವರೇ ಸಿಟ್ಟಾದ ಗೆಸ್ಟ್ ಆಗಿ ಆಕ್ಟ್ ಮಾಡ್ತಾರೆ, ರೂಮಲ್ಲಿ ನೆಟ್‌ವರ್ಕ್ ಬರ್ತಿಲ್ಲ, ನಾನು ದುಡ್ಡು ವಾಪಸ್ ಕೇಳ್ತೀನಿ ಅಂತ. ಅಲ್ಲಿ ನೋಡೋದು ನೀವು ಮೊದಲು ಅವರ ಮಾತು ಪೂರ್ತಿ ಕೇಳಿದ್ರಾ, ಅಥವಾ ಬಾಯಿ ತೆರೆದ ತಕ್ಷಣ ಸಮಜಾಯಿಷಿ ಶುರು ಮಾಡಿದ್ರಾ ಅಂತ. ನಾನು ಇದೇ ನಾಟಕ ನೂರಾರು ಸಲ ಮಾಡಿದ್ದೀನಿ, ಮೊದಲು ಸಾರಿ ಸರ್ ಅಂತ ಹೇಳಿ, ಯಾವ ರೂಮು, ಯಾವಾಗಿಂದ ಅಂತ ಕೇಳಿದವರನ್ನ ಮುಂದಕ್ಕೆ ಕಳಿಸ್ತಿದ್ದೆ.

ಎಸ್ಟೇಟ್ ಕೆಲಸಕ್ಕೆ ಹೋಗೋರಿಗೆ, ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಲ್ಲಿ ಓದಿದವರಾಗ್ಲಿ ಬರೀ ಡಿಗ್ರಿಯವರಾಗ್ಲಿ, ತೋಟದ ಪ್ರಶ್ನೆ ಬಂದೇ ಬರುತ್ತೆ. ಅರೇಬಿಕಾಗೆ ಬಿಳಿ ಕಾಂಡಕೊರಕ, ರೊಬಸ್ಟಾಗೆ ಶಾಟ್ ಹೋಲ್ ಬೋರರ್ (ರೆಂಬೆ ಕೊರೆಯೋ ಹುಳ) ಯಾಕೆ ಹೆಚ್ಚು ತೊಂದರೆ, ಎಲೆ ತುಕ್ಕು ರೋಗಕ್ಕೆ ಬೋರ್ಡೋ ಮಿಶ್ರಣ ಯಾವಾಗ ಹೊಡೀತೀರಾ, ಹೂ ಮಳೆ ಬಿದ್ದು ಆಮೇಲಿನ ಬ್ಯಾಕಿಂಗ್ ಮಳೆ ಬರದಿದ್ರೆ ಏನಾಗುತ್ತೆ. ತೋಟದ ಮನೆಯ ಮಕ್ಕಳಿಗೆ ಇದು ಗೊತ್ತಿರುತ್ತೆ, ಆದ್ರೆ ಮಾಡಿ ಗೊತ್ತು, ಹೇಳಿ ಗೊತ್ತಿಲ್ಲ. ಬೋರ್ಡೋ ಮಿಶ್ರಣವನ್ನ ಕೈಯಾರೆ ಕಲಸಿದ ಹುಡುಗ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ಯಾವುದನ್ನ ಯಾವುದಕ್ಕೆ ಸುರೀಬೇಕು ಅಂತ ಕೇಳಿದ್ರೆ ತಡವರಿಸ್ತಾನೆ. ಅಪ್ಪನ ಮುಂದೆ ಕೂತು ಒಂದ್ಸಲ ಬಾಯಿಬಿಟ್ಟು ಹೇಳಿ ನೋಡಿ. ಯಾವ ಕೆಲಸಕ್ಕೆ ಆದ್ರೂ ಇದೇ ಮಾತು, ಮನಸ್ಸಲ್ಲಿ ಓದಿದ್ದು ಬೇರೆ, ಬಾಯಲ್ಲಿ ಬಂದದ್ದು ಬೇರೆ. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಕೇಳಿ, ಮೊದಲ ಸಲ ಕೇಳೋಕೆ ಕಷ್ಟ ಆಗುತ್ತೆ, ಮೂರನೇ ಸಲಕ್ಕೆ ಎಲ್ಲಿ ಉದ್ದ ಎಳೀತಿದ್ದೀರಾ ಅಂತ ನಿಮಗೇ ಗೊತ್ತಾಗುತ್ತೆ.

ಸರ್ಕಾರಿ ಕಡೆ ಲೆಕ್ಕ ಸ್ವಲ್ಪ ಬೇರೆ. ಕೇಂದ್ರ ಸರ್ಕಾರದ ಗ್ರೂಪ್ ಸಿ, ಗ್ರೂಪ್ ಡಿ ಮತ್ತೆ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಇಂಟರ್‌ವ್ಯೂನೇ ತೆಗೆದುಬಿಟ್ಟಿದ್ದಾರೆ, ಹಾಗಾಗಿ ಅಂಥ ಕೆಲಸಕ್ಕೆ ಇಂಟರ್‌ವ್ಯೂ ಪಾಸ್ ಮಾಡಿಸ್ತೀನಿ ದುಡ್ಡು ಕೊಡಿ ಅಂತ ಯಾರಾದ್ರೂ ಬಂದ್ರೆ ಅಲ್ಲಿಗೇ ಮಾತು ನಿಲ್ಲಿಸಿ. ಬ್ಯಾಂಕ್ ಪಿಓ ಅಂದ್ರೆ ಪ್ರೊಬೇಷನರಿ ಆಫೀಸರ್ ಹುದ್ದೆಗೆ ಐಬಿಪಿಎಸ್ ಸಂಸ್ಥೆ ನಡೆಸೋದರಲ್ಲಿ ಇಂಟರ್‌ವ್ಯೂ 100 ಮಾರ್ಕ್ಸಿಗೆ, ಫೈನಲ್ ಲಿಸ್ಟಲ್ಲಿ ಮೇನ್ಸ್ ಪರೀಕ್ಷೆಗೆ 80 ಪಾಲು, ಇಂಟರ್‌ವ್ಯೂಗೆ 20. ಯುಪಿಎಸ್‌ಸಿಯ ಸಿವಿಲ್ ಸರ್ವೀಸಸ್ ಪರೀಕ್ಷೆಯಲ್ಲಿ ಒಟ್ಟು 2025 ಮಾರ್ಕ್ಸಿಗೆ ಇಂಟರ್‌ವ್ಯೂ ಪಾಲು 275. ಅಲ್ಲೆಲ್ಲ ನಿಮ್ಮ ಜಿಲ್ಲೆ ಬಗ್ಗೆ ಕೇಳೋ ಸಂಭವ ಜಾಸ್ತಿ, ಕಾವೇರಿ ಎಲ್ಲಿ ಹುಟ್ಟುತ್ತೆ ಅನ್ನೋದಕ್ಕೆ ನಿಲ್ಲಲ್ಲ, ಕಾಡಾನೆ ತೋಟಕ್ಕೆ ಯಾಕೆ ಬರುತ್ತೆ, ಹೋಂಸ್ಟೇ ಹೆಚ್ಚಾದ್ರೆ ನೀರಿಗೆ ಏನಾಗುತ್ತೆ ಅಂತ ಕೇಳಿದ್ರೆ ಎರಡೂ ಕಡೆಯ ಮಾತು ನಿಮಗೆ ಗೊತ್ತಿರ್ಬೇಕು.

ಇಂಗ್ಲಿಷ್ ವಿಷಯಕ್ಕೆ ಬರೋಣ, ಎಲ್ಲರ ಭಯವೂ ಇಲ್ಲೇ. ನಮ್ಮ ಮಕ್ಕಳು ಮನೇಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಹೀಗೆ ಒಂದು ಮಾತಾಡಿ, ಹೊರಗೆ ಕನ್ನಡ ಮಾತಾಡಿ, ಆಮೇಲೆ ಇಂಗ್ಲಿಷಿಗೆ ಹೋಗೋರು. ಮೂರು ಭಾಷೆ ದಾಟಿ ಬರೋವಾಗ ಉದ್ದ ವಾಕ್ಯ ಮಧ್ಯದಲ್ಲೇ ಮುರಿದು ಬೀಳುತ್ತೆ. ಅದಕ್ಕೆ ಸಣ್ಣ ವಾಕ್ಯ ಮಾತಾಡಿ, ಒಂದು ವಾಕ್ಯಕ್ಕೆ ಒಂದೇ ವಿಷಯ, ಮುಗಿಸಿ, ಉಸಿರು ತಗೊಂಡು ಮುಂದಿನದು. ಪ್ರಶ್ನೆ ಅರ್ಥ ಆಗ್ಲಿಲ್ವಾ, ಇನ್ನೊಂದ್ಸಲ ಹೇಳ್ತೀರಾ ಸರ್ ಅಂತ ಕೇಳಿ, ಅದಕ್ಕೆ ಯಾರೂ ಮಾರ್ಕ್ಸ್ ಕಳೆಯಲ್ಲ, ಅರ್ಥ ಆಗದೇ ಬೇರೇನೋ ಉತ್ತರ ಕೊಟ್ರೆ ಕಳೀತಾರೆ. ಬೆಂಗಳೂರು ಮೈಸೂರಲ್ಲಿ ಎಷ್ಟೋ ಕಡೆ ಎದುರಿಗಿರೋರಿಗೂ ಕನ್ನಡ ಬರುತ್ತೆ, ಒಂದು ವಿಷಯ ಕನ್ನಡದಲ್ಲಿ ಹೇಳಲಾ ಅಂತ ಕೇಳಿ ಹೇಳಿದವರನ್ನ ನಾನೇ ತಗೊಂಡಿದ್ದೀನಿ. ಆದ್ರೆ ಕೆಲಸವೇ ಇಂಗ್ಲಿಷಲ್ಲಿ ಫೋನ್ ಎತ್ತೋದಾಗಿದ್ರೆ ಅದು ನಡೆಯಲ್ಲ, ಅದಕ್ಕೆ ಅಭ್ಯಾಸ ಬೇಕೇ ಬೇಕು.

ಕೈ ನಡುಗೋದು, ಬಾಯಿ ಒಣಗೋದು ಎಲ್ಲರಿಗೂ ಆಗುತ್ತೆ. 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅನ್ನೋರು ಒಂದು ಪ್ರಯೋಗ ಮಾಡಿದ್ರು, ಹಾಡೋದು, ಭಾಷಣ, ಲೆಕ್ಕ ಇಂಥದ್ದಕ್ಕೆ ಮುಂಚೆ ಕೆಲವರಿಗೆ ನಾನು ಶಾಂತವಾಗಿದ್ದೀನಿ ಅಂತ ಹೇಳ್ಕೊಳಿ ಅಂದ್ರು, ಕೆಲವರಿಗೆ ನನಗೆ ಉತ್ಸಾಹ ಬಂದಿದೆ ಅಂತ ಹೇಳ್ಕೊಳಿ ಅಂದ್ರು. ಉತ್ಸಾಹ ಅಂದವರು ಚೆನ್ನಾಗಿ ಮಾಡಿದ್ರು. ಹೊಡ್ಕೊಳ್ತಿರೋ ಎದೆನ ಒಂದೇ ಸಲ ಶಾಂತ ಮಾಡೋಕೆ ಆಗಲ್ಲ, ಆದ್ರೆ ಮ್ಯಾಚಿಗೆ ಮುಂಚೆ ಗ್ರೌಂಡ್ ಪಕ್ಕ ನಿಂತಾಗ ಹೊಡ್ಕೊಳೋ ಎದೆನೂ ಅದೇ ಅಲ್ವಾ, ಹಾಗೆ ಅನ್ಕೊಳೋದು ಸುಲಭ.

ನಮ್ಮ ಜಿಲ್ಲೆಯವರಿಗೆ ಬೇರೆ ಯಾರಿಗೂ ಇಲ್ಲದ ಒಂದು ಕಷ್ಟ ಇದೆ, ದಾರಿ. ಕೊಡಗಲ್ಲಿ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ಹತ್ರ ಹತ್ರ, ಬೆಳಗ್ಗೆ ಹತ್ತಕ್ಕೆ ಇಂಟರ್‌ವ್ಯೂ ಅಂದ್ರೆ ಅವತ್ತೇ ಮೊದಲ ಬಸ್ ಹಿಡಿದು ಹೋಗ್ತೀನಿ ಅನ್ನೋರು ತುಂಬಾ ಜನ. ಜೂನಿಂದ ಆಗಸ್ಟವರೆಗೆ ಅದನ್ನ ಮಾಡ್ಲೇಬೇಡಿ, ಒಂದು ಮರ ಬಿದ್ರೆ ಎರಡು ಗಂಟೆ ಹೋಯ್ತು. ಹಿಂದಿನ ದಿನವೇ ಹೋಗಿ ನೆಂಟರ ಮನೇಲೋ ಪಿಜಿಲೋ ಉಳ್ಕೊಳಿ, ಸಂಜೆ ಒಂದ್ಸಲ ಆಫೀಸ್ ಎಲ್ಲಿದೆ ಅಂತ ನೋಡಿ ಬನ್ನಿ. ಮಾರ್ಕ್ಸ್ ಕಾರ್ಡ್ ಎಲ್ಲ ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಮೇಲೆ ಇನ್ನೊಂದು ಕವರ್. ಒಂದು ಜೊತೆ ಒಣ ಸಾಕ್ಸ್ ಬ್ಯಾಗಲ್ಲಿ ಇರ್ಲಿ, ಒದ್ದೆ ಕಾಲಲ್ಲಿ ಎಸಿ ರೂಮಲ್ಲಿ ಅರ್ಧ ಗಂಟೆ ಕೂರೋದು ಎಷ್ಟು ಕಷ್ಟ ಅಂತ ನಮಗೇ ಗೊತ್ತು.

ಆನ್‌ಲೈನ್ ಇಂಟರ್‌ವ್ಯೂ ಅಂದ್ರೆ ಇನ್ನೊಂದು ಥರ. ಮಳೆಗಾಲದಲ್ಲಿ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ, ಹಾಗಾಗಿ ಮೊಬೈಲ್ ಹಾಟ್‌ಸ್ಪಾಟ್ ನಂಬ್ಕೊಂಡು ಕೂತ್ರೆ ಎರಡೂ ಒಟ್ಟಿಗೇ ಕೈ ಕೊಡುತ್ತೆ. ಆಗೋದಾದ್ರೆ ಕುಶಾಲನಗರದ ಕಡೆ ಯಾರ ಮನೆಗಾದ್ರೂ ಹೋಗಿ, ಅಲ್ಲಿ ಮಳೆ ಕಮ್ಮಿ. ಆಗದಿದ್ರೆ ಹಿಂದಿನ ದಿನವೇ ಎಚ್ಆರ್‌ಗೆ ಒಂದು ಮೆಸೇಜ್ ಹಾಕಿ, ನಮ್ಮಲ್ಲಿ ಮಳೆ ಜಾಸ್ತಿ ಇದೆ, ಲೈನ್ ಕಟ್ ಆದ್ರೆ ಈ ನಂಬರಿಗೆ ಫೋನ್ ಮಾಡಿ ಅಂತ. ಮೊದಲೇ ಹೇಳಿದ್ರೆ ಅದು ಜವಾಬ್ದಾರಿ ಅನ್ಸುತ್ತೆ, ಕಟ್ ಆದಮೇಲೆ ಹೇಳಿದ್ರೆ ನೆಪ ಅನ್ಸುತ್ತೆ. ಶೀಟಿನ ಮನೆಯಾದ್ರೆ ಮಳೆ ಬಡಿಯೋ ಸದ್ದಲ್ಲಿ ನಿಮ್ಮ ಮಾತೇ ಕೇಳಲ್ಲ, ಮೈಕ್ ಇರೋ ವೈರ್ ಇಯರ್‌ಫೋನ್ ಹಾಕ್ಕೊಳಿ, ಸೀಲಿಂಗ್ ಇರೋ ರೂಮಲ್ಲಿ ಕೂತ್ಕೊಳಿ.

ಕೆಲವು ಪ್ರಶ್ನೆಗಳಿಗೆ ಮೊದಲೇ ಮನಸ್ಸು ಗಟ್ಟಿ ಮಾಡ್ಕೊಂಡಿರ್ಬೇಕು. ಕೊಡಗಿನವರು ಅಂದ ತಕ್ಷಣ ಎರಡು ವರ್ಷ ಮಾಡಿ ತೋಟಕ್ಕೆ ವಾಪಸ್ ಹೋಗ್ತೀರಲ್ವಾ ಅಂತ ಕೇಳ್ತಾರೆ, ಕೊಯ್ಲಿಗೆ, ಹುತ್ತರಿಗೆ ಅಂತ ರಜೆ ಹಾಕ್ತೀರಲ್ವಾ ಅಂತಾರೆ. ಸಿಟ್ಟಾಗಬೇಡಿ, ಇದ್ದದ್ದು ಹೇಳಿ. ತೋಟ ಅಣ್ಣ ನೋಡ್ಕೊಳ್ತಿದ್ದಾನೆ, ನನಗೆ ಹುತ್ತರಿಗೆ ಎರಡು ದಿನ ಬೇಕು, ಮೊದಲೇ ಹೇಳಿ ತಗೊಳ್ತೀನಿ ಅಂದ್ರೆ ಮುಗೀತು. ಹೆಣ್ಮಕ್ಕಳಿಗೆ ಮದುವೆ ಯಾವಾಗ ಅಂತ ಈಗ್ಲೂ ಕೇಳೋರಿದ್ದಾರೆ, ಅದು ಕೇಳಬಾರದ ಪ್ರಶ್ನೆ, ನಾನು ನನ್ನ ಟೀಮಲ್ಲಿ ಯಾರಿಗೂ ಕೇಳೋಕೆ ಬಿಡ್ತಿರ್ಲಿಲ್ಲ. ಕೇಳಿದ್ರೆ, ಈ ಕೆಲಸಕ್ಕೆ ಬೇಕಾದ ಶಿಫ್ಟು, ಓಡಾಟ ನನಗೆ ಆಗುತ್ತೆ ಸರ್ ಅಂತ ಕೆಲಸದ ಕಡೆಗೇ ತಿರುಗಿಸಿ, ಜಾತಕ ಹೇಳೋ ಅಗತ್ಯ ಇಲ್ಲ. ಮಧ್ಯದಲ್ಲಿ ಒಂದು ವರ್ಷ ಖಾಲಿ ಇದ್ರೆ ಮುಚ್ಚಿಡಬೇಡಿ, ಏನ್ ನಡೀತು, ಆಗ ಏನ್ ಮಾಡ್ತಿದ್ರಿ ಅಂತ ಎರಡು ವಾಕ್ಯದಲ್ಲಿ ಹೇಳಿ. ನಿಮ್ಮ ದೌರ್ಬಲ್ಯ ಏನು ಅಂದ್ರೆ ನಾನು ತುಂಬಾ ಪರ್ಫೆಕ್ಷನಿಸ್ಟ್ ಅನ್ನೋದು ಕೇಳಿ ಕೇಳಿ ಎಲ್ರಿಗೂ ಸಾಕಾಗಿದೆ, ಎಕ್ಸೆಲಲ್ಲಿ ಫಾರ್ಮುಲಾ ಹಾಕೋದು ನಿಧಾನ, ಈ ತಿಂಗಳಿಂದ ದಿನಾ ಅರ್ಧ ಗಂಟೆ ಕಲೀತಿದ್ದೀನಿ ಅಂತ ನಿಜ ಹೇಳಿ.

ಸಂಬಳದ ಮಾತು ಸ್ವಲ್ಪ ಬಿಡಿಸಿ ಹೇಳ್ಬೇಕು, ಇಲ್ಲಿ ನಮ್ಮ ಮಕ್ಕಳು ಮೋಸ ಹೋಗದೇ ಇದ್ರೂ ನಿರಾಸೆ ಆಗ್ತಾರೆ. ವರ್ಷಕ್ಕೆ 3 ಲಕ್ಷ ಸಿಟಿಸಿ (ನಿಮ್ಮ ಮೇಲೆ ಕಂಪನಿ ಮಾಡೋ ಒಟ್ಟು ಖರ್ಚು) ಅಂದ್ರೆ ತಿಂಗಳಿಗೆ 25,000 ಕೈಗೆ ಬರುತ್ತೆ ಅನ್ಕೊಳ್ತಾರೆ. ಬೇಸಿಕ್ ಅರ್ಧ, 1,50,000 ಅಂತ ಇಟ್ಕೊಳಿ. ಅದರ ಮೇಲೆ ಕಂಪನಿ ಕಟ್ಟೋ ಪಿಎಫ್ 12 ಪರ್ಸೆಂಟ್ 18,000, ಗ್ರಾಚ್ಯುಟಿಗೆ ಅಂತ ತೆಗೆದಿಡೋ 4.81 ಪರ್ಸೆಂಟ್ ಸುಮಾರು 7,200, ಇವೆರಡೂ ಆ 3 ಲಕ್ಷದ ಒಳಗೇ ಸೇರಿರುತ್ತೆ. ಆಮೇಲೆ ನಿಮ್ಮ ಪಾಲಿನ ಪಿಎಫ್ ಇನ್ನೊಂದು 18,000. ಉಳಿದದ್ದು ಭಾಗ ಹಾಕಿದ್ರೆ ತಿಂಗಳಿಗೆ 21,400 ಹತ್ರ. ಆ 3 ಲಕ್ಷದ ಒಳಗೇ ವೇರಿಯಬಲ್ ಪೇ, ಅಂದ್ರೆ ಕೆಲಸ ನೋಡಿ ಕೊಡೋ ಭಾಗ, ಅಂತ ಏನಾದ್ರೂ ಇದ್ರೆ ಇನ್ನೂ ಕಮ್ಮಿ. ಮೈಸೂರಲ್ಲಿ ಪಿಜಿ ಬಾಡಿಗೆ, ಊಟ, ತಿಂಗಳಿಗೊಂದ್ಸಲ ಊರಿಗೆ ಬಂದು ಹೋಗೋ ಬಸ್ ಚಾರ್ಜ್ ಎಲ್ಲ ಮೊದಲೇ ಬರೆದು ಲೆಕ್ಕ ಹಾಕ್ಕೊಂಡು ಹೋಗಿ, ಎಷ್ಟು ನಿರೀಕ್ಷೆ ಅಂದಾಗ ಎಷ್ಟಾದ್ರೂ ಪರವಾಗಿಲ್ಲ ಸರ್ ಅನ್ನಬೇಡಿ. ಕೈಗೆ ಎಷ್ಟು ಬರುತ್ತೆ ಅಂತ ಕೇಳೋದು ತಪ್ಪಲ್ಲ, ಅದು ನಿಮ್ಮ ದುಡಿಮೆಯ ಬೆಲೆ.

ಕೊನೇಲಿ ಏನಾದ್ರೂ ಕೇಳೋದಿದ್ಯಾ ಅಂತಾರೆ, ಇಲ್ಲ ಸರ್ ಅನ್ನೋದು ಅಭ್ಯಾಸ. ಒಂದಾದ್ರೂ ಕೇಳಿ, ಮೊದಲ ಮೂರು ತಿಂಗಳಲ್ಲಿ ನನ್ನಿಂದ ಏನಾಗ್ಬೇಕು ಅಂತ ನಿರೀಕ್ಷೆ ಇದೆ, ನಾನು ಯಾರಿಗೆ ರಿಪೋರ್ಟ್ ಮಾಡೋದು ಅಂತ. ಉತ್ತರ ಕೇಳಿದ್ರೆ ಆ ಜಾಗ ನಿಮಗೆ ಸರಿಯಾ ಅಂತ ನಿಮಗೂ ತಿಳಿಯುತ್ತೆ. ಮತ್ತೆ ಆಫರ್ ಲೆಟರ್‌ಗೆ, ಟ್ರೈನಿಂಗ್‌ಗೆ, ಲ್ಯಾಪ್‌ಟಾಪ್ ಡೆಪಾಸಿಟ್‌ಗೆ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಅದು ಕೆಲಸ ಅಲ್ಲ, ಮೋಸ. ಕಳಿಸಿ ಆಗಿದ್ರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಹೇಳ್ತೀರೋ ಅಷ್ಟು ದುಡ್ಡು ತಡೆಯೋ ಸಾಧ್ಯತೆ ಜಾಸ್ತಿ.

ಇಂಟರ್‌ವ್ಯೂ ಮುಗಿದ ಮೇಲೆ ಒಂದು ಕೆಲಸ ಉಳಿದಿರುತ್ತೆ. ವಾಪಸ್ ಬಸ್ಸಲ್ಲಿ ಕೂತ ತಕ್ಷಣ ಅವರು ಕೇಳಿದ ಪ್ರಶ್ನೆಗಳನ್ನೆಲ್ಲ ಫೋನಲ್ಲಿ ಬರೆದಿಡಿ, ಯಾವುದಕ್ಕೆ ತಡವರಿಸಿದ್ರಿ ಅಂತಾನೂ, ಮನೆ ತಲುಪೋಷ್ಟರಲ್ಲಿ ಅರ್ಧ ಮರೆತಿರ್ತೀರಾ. ಆ ನಾಪೋಕ್ಲು ಹುಡುಗಿ ಹುಣಸೂರು ದಾಟೋವಾಗ ನನಗೆ ವಾಟ್ಸಾಪಲ್ಲಿ ಹನ್ನೊಂದು ಪ್ರಶ್ನೆ ಕಳಿಸಿದ್ಲು, ಏಳನೇದರ ಪಕ್ಕ ಇದಕ್ಕೆ ಸರಿಯಾಗಿ ಹೇಳ್ಲಿಲ್ಲ ಅಕ್ಕ ಅಂತ ಬರೆದಿದ್ಲು, ಬ್ಯಾಂಕ್ ರಿಕನ್ಸಿಲಿಯೇಶನ್ ಬಗ್ಗೆ, ಅಂದ್ರೆ ನಮ್ಮ ಬುಕ್ಕಿನ ಲೆಕ್ಕ ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡೋದು. ಅವತ್ತು ರಾತ್ರಿ ಕೂತು ಅದನ್ನ ಓದಿದ್ಲು. ಹನ್ನೆರಡು ದಿನ ಆದ್ಮೇಲೆ ಎರಡನೇ ರೌಂಡಿಗೆ ಕರೆದ್ರು, ಮೊದಲ ಪ್ರಶ್ನೆನೇ ಅದಾಗಿತ್ತಂತೆ. ಆ ಹನ್ನೊಂದು ಪ್ರಶ್ನೆ ಈಗ ನನ್ನ ನೋಟ್‌ಬುಕ್ಕಲ್ಲಿದೆ, ಈ ಭಾನುವಾರ ಸಿದ್ದಾಪುರದಿಂದ ಇಬ್ರು ಹುಡುಗ್ರು ಬರ್ತಿದ್ದಾರೆ, ಅವರಿಗೆ ಅಲ್ಲಿಂದಲೇ ಶುರು ಮಾಡ್ತೀನಿ.